ಮರಣಕ್ಕೆ ಕೊನೆಯ ದಿನಾಂಕ

ವಿಶಾಖಪಟ್ಟಣದ ಹೊರವಲಯದ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಮನೆಗಳಿಗೆ ಬ್ರಾಡ್‌ಬ್ಯಾಂಡ್ ಆಗಷ್ಟೇ ಕಾಲಿಡುತ್ತಿದ್ದ ಕಾಲ ಅದು. ಒಂದು ದಿನ ತಪಾಸಣೆಗೆ ಬಂದವರೊಬ್ಬರು ನಮ್ಮ ಕಡತಗಳನ್ನೆಲ್ಲ ತಿರುವಿ ಹಾಕಿ, ಇದನ್ನೆಲ್ಲ ಬರೆಯುವವರು ಯಾರು ಎಂದು ಕೇಳಿದರು. ನಾನು ಎಂದೆ. ಬರೆಯುವುದಕ್ಕೆ ಏನು ಓದಿದ್ದೀರಿ ಎಂದರು. ರಸಾಯನಶಾಸ್ತ್ರ ಎಂದೆ. ಅವರು ಅದನ್ನೂ ಬರೆದುಕೊಂಡರು. ಅದನ್ನು ನೋಡಿಯೇ ನಮ್ಮ ಮ್ಯಾನೇಜರರ ಮುಖ ಬಾಡಿತು.

ಸಂಜೆ ಅವರು ನನ್ನನ್ನು ಕರೆದು, "ಕಡತ ಬರೆಯೋದಕ್ಕೆ ಅಂತ ಏನಾದ್ರೂ ಡಿಪ್ಲೊಮಾ ಇದ್ರೆ ಮಾಡಿಬಿಡಮ್ಮ. ಮುಂದಿನ ಸಲ ಅವರು ಬಂದಾಗ ತೋರಿಸೋದಕ್ಕೆ ಒಂದು ಕಾಗದ ಬೇಕು," ಎಂದರು.

ಅಂಥದ್ದೊಂದು ಇತ್ತು. ವಿಜಯವಾಡದ ಒಂದು ಸಣ್ಣ ಕಾಲೇಜು ದಾಖಲೆ ನಿರ್ವಹಣೆಯ ಡಿಪ್ಲೊಮಾವನ್ನು ಪೂರ್ತಿ ಇಂಟರ್‌ನೆಟ್‌ನಲ್ಲೇ ಕಲಿಸುತ್ತೇವೆಂದು ಪೇಪರಿನಲ್ಲಿ ಜಾಹೀರಾತು ಕೊಟ್ಟಿತ್ತು. ತರಗತಿಗೆ ಹೋಗುವಂತಿಲ್ಲ, ಪಾಠ ಕಂಪ್ಯೂಟರಿನಲ್ಲೇ ಬರುತ್ತದೆ, ವಾರಕ್ಕೊಂದು ಅಸೈನ್‌ಮೆಂಟ್ ಬರೆದು ಶನಿವಾರ ಸಂಜೆ ಐದರೊಳಗೆ ಹಾಕಿದರೆ ಮುಗಿಯಿತು. ಇದಕ್ಕಿಂತ ಸುಲಭದ್ದು ಏನಿದೆ ಎಂದುಕೊಂಡು ಸೇರಿದೆ.

ಸೇರಿದ ಮೇಲೆ ಗೊತ್ತಾದದ್ದು, ಆ ತಂಡದಲ್ಲಿದ್ದ ವಿದ್ಯಾರ್ಥಿಗಳು ಇಬ್ಬರೇ. ನಾನೊಬ್ಬಳು. ಇನ್ನೊಬ್ಬ ವಿಜಯವಾಡದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಹಳೆಯ ಕಡತಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗ. ಮೊದಲನೇ ವಾರ ಕಾಲೇಜಿನ ವೆಬ್‌ಸೈಟು ಮಧ್ಯಾಹ್ನದ ಹೊತ್ತು ಸುಮ್ಮನೆ ಸತ್ತುಹೋಗುತ್ತಿತ್ತು. ಮತ್ತೆ ಬದುಕಿದಾಗ ಚರ್ಚೆಯ ಪುಟದಲ್ಲಿ ಅವನು ಇಂಗ್ಲಿಷ್ ಅಕ್ಷರಗಳಲ್ಲಿ "ಯಪ್ಪಾ ಶಿವನೇ" ಎಂದು ಬರೆದಿದ್ದ. ಪರ ಊರಿನಲ್ಲಿ ಆ ಎರಡು ಪದ ಓದಿ ನನಗೆ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಯಾವ ಕಡೆಯವರು ಎಂದು ಕೇಳಿದೆ. ಗದಗಿನ ಹತ್ತಿರದವನು ಎಂದ. ನಾನು ತುಮಕೂರು ಕಡೆಯವಳು. ಮರುದಿನವೇ ಫೋನು ಮಾಡಿದ.

"ಅಕ್ಕಾರ, ಈ ವೆಬ್‌ಸೈಟಿಗೂ ಊಟದ ಹೊತ್ತು ಅಂತ ಇರ್ತೈತೇನ್ರಿ? ಬರೋಬ್ಬರಿ ಮಧ್ಯಾಹ್ನಕ್ಕ ಮಲಗ್ತೈತಲ್ರಿ."

ನಾನು ನಕ್ಕೆ. ಅವನು ಸರಿಯಾಗಿಯೇ ಊಹಿಸಿದ್ದಾನೆಂದು ನನಗಾಗ ಗೊತ್ತಿರಲಿಲ್ಲ.

ನಿಜವಾದ ತೊಂದರೆ ಎರಡನೇ ವಾರ ಶುರುವಾಯಿತು. ಇನ್ನು ಮುಂದಿನ ಅಸೈನ್‌ಮೆಂಟುಗಳೆಲ್ಲ ಗುಂಪಿನವು, ಒಂದು ಗುಂಪಿಗೆ ಮೂವರು, ಮೂವರಿದ್ದರೆ ಮಾತ್ರ ಬರೆದದ್ದನ್ನು ಹಾಕುವ ಪುಟ ತೆರೆದುಕೊಳ್ಳುತ್ತದೆ. ನಾವು ಇಬ್ಬರು. ಕಾಲೇಜಿಗೆ ಫೋನು ಮಾಡಿದೆ. ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ ಮಾತಾಡಿದಳು.

"ನಮ್ಮ ಬ್ಯಾಚಿನಲ್ಲಿರೋದೇ ಇಬ್ಬರು ಮೇಡಂ. ಮೂರನೆಯವರನ್ನ ಎಲ್ಲಿಂದ ತರೋದು?" ಎಂದೆ.

"ನಾನು ಕೇಳ್ತಾ ಇಲ್ಲ ಮೇಡಂ ಗಾರು. ಸಿಸ್ಟಮ್ ಕೇಳ್ತಾ ಇದೆ."

"ಸಿಸ್ಟಮ್‌ಗೆ ನೀವೇ ಹೇಳಬಹುದಲ್ವಾ?"

"ಅದಕ್ಕೆ ಹೇಳೋವರು ಕೆಲಸ ಬಿಟ್ಟು ಹೋದರು ಮೇಡಂ. ನೀವು ಯಾರನ್ನಾದರೂ ಸೇರಿಸಿ, ನಾವು ಫೀಸು ತಗೊಳ್ಳೋಲ್ಲ. ಹೆಸರೊಂದು ಇದ್ದರೆ ಸಾಕು."

ಹೆಸರೊಂದು ಇದ್ದರೆ ಸಾಕು ಎಂಬ ಮಾತು ಕೇಳಿ ನನಗೆ ಹೊಳೆದದ್ದು ನಮ್ಮ ಮನೆಯ ಓನರ್ ಆಂಟಿ.

ದ್ವಾರಕಾ ನಗರದ ಹಿಂದಿನ ಗಲ್ಲಿಯೊಂದರಲ್ಲಿ ಅವರ ಮನೆ. ಕೆಳಗೆ ಅವರು ಗಂಡ ಹೆಂಡತಿ, ಮೇಲಿನ ಭಾಗದಲ್ಲಿ ನಾನು. ಆಂಟಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿದ್ದರು. ಅಂಕಲ್ ಬಂದರಿನ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ನಿವೃತ್ತಿಯ ಮರುವಾರವೇ ಒಂದು ಕಂಪ್ಯೂಟರ್ ಕೊಂಡು, ಅವತ್ತಿನಿಂದ ಅದರಲ್ಲಿ ಒಬ್ಬರೇ ಇಸ್ಪೀಟು ಆಡುತ್ತ ಇದ್ದುಬಿಟ್ಟಿದ್ದರು. ಆಂಟಿ ನನ್ನ ಹತ್ತಿರ ತೆಲುಗಿನಲ್ಲೇ ಮಾತಾಡುತ್ತಿದ್ದರು. ನಾನು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಕನ್ನಡದ ಭಾಗ ಬಂದಾಗ ಅವರು ಕಣ್ಣು ಸ್ವಲ್ಪ ಕಿರಿದು ಮಾಡಿ, ತಪ್ಪು ಲೆಕ್ಕವನ್ನು ಕೇಳುವ ಹಾಗೆ ಕೇಳುತ್ತಿದ್ದರು.

"ಹೆಸರು ಮಾತ್ರ ಆಂಟಿ. ನೀವೇನೂ ಮಾಡಬೇಕಾಗಿಲ್ಲ," ಎಂದೆ.

ಅವರು ಕನ್ನಡಕ ತೆಗೆದರು. "ಏನೂ ಮಾಡದೆ ನಾನು ಡಿಪ್ಲೊಮಾ ತಗೊಳ್ಳಬೇಕಾ, ಅಮ್ಮಾಯಿ?"

"ಹಾಗಲ್ಲ ಆಂಟಿ..."

"ಸೇರಿದರೆ ಓದ್ತೀನಿ. ಓದೋದಿಲ್ಲ ಅಂದರೆ ಸೇರೋದಿಲ್ಲ." ಒಳಗೆ ತಿರುಗಿ, "ಏಮಂಡಿ, ಆ ಇಸ್ಪೀಟು ಮುಚ್ಚಿ. ನನಗೆ ಕ್ಲಾಸಿದೆ," ಎಂದರು.

ಅಂಕಲ್ ನನ್ನನ್ನು ನೋಡಿದ ನೋಟದಲ್ಲಿ ದ್ವೇಷವಿರಲಿಲ್ಲ. ಆದರೆ ಬಹಳ ಹೊತ್ತು ನೋಡಿದರು.

ಗುಂಪಿಗೆ ಮೂವರಾದ ತಕ್ಷಣ ಸಿಸ್ಟಮ್ ತನ್ನಷ್ಟಕ್ಕೆ ತಾನೇ ಒಬ್ಬ ನಾಯಕರನ್ನು ಆರಿಸಿತು. ಹುಟ್ಟಿದ ದಿನಾಂಕ ನೋಡಿ ಎಲ್ಲರಿಗಿಂತ ಹಿರಿಯರನ್ನು ಆರಿಸುತ್ತಿತ್ತೆಂದು ಕಾಣುತ್ತದೆ. ಇಬ್ಬರು ಸದಸ್ಯರು ಬರೆಯಬಹುದು, ತಿದ್ದಬಹುದು. ಆದರೆ ಕೊನೆಯಲ್ಲಿ 'ಒಪ್ಪಿಗೆ' ಎಂಬ ಹಸಿರು ಗುಂಡಿ ಇರುವುದು ನಾಯಕರ ಪುಟದಲ್ಲಿ ಮಾತ್ರ. ಅದನ್ನು ಒತ್ತದೆ ಯಾವುದೂ ಕಾಲೇಜಿಗೆ ಹೋಗುವುದಿಲ್ಲ. ಹೀಗೆ ಬರೀ ಹೆಸರಿಗೆಂದು ನಾನು ಕರೆತಂದ ಆಂಟಿ ಒಂದೇ ಮಧ್ಯಾಹ್ನದಲ್ಲಿ ನಮ್ಮಿಬ್ಬರ ಮುಖ್ಯೋಪಾಧ್ಯಾಯಿನಿಯಾದರು.

ಮೊದಲ ಗುಂಪು ಅಸೈನ್‌ಮೆಂಟು, ಮನೆಯಲ್ಲಿ ದಿನಾ ಮಾಡುವ ಒಂದು ಕೆಲಸವನ್ನು ಹಂತಹಂತವಾಗಿ, ಯಾರು ಓದಿದರೂ ಮಾಡುವಂತೆ ಬರೆಯಬೇಕು ಎಂಬುದು. ನಾನು ಕಾಫಿ ಮಾಡುವ ವಿಧಾನ ಬರೆದೆ. ಗದಗಿನವನು ಅದಕ್ಕೆ ಅಂದದ ಅಂಚು ಹಾಕಿದ. ಶನಿವಾರ ಮಧ್ಯಾಹ್ನ ಅದನ್ನು ಪ್ರಿಂಟ್ ಮಾಡಿಸಿ ಆಂಟಿಯ ಕೈಗೆ ಕೊಟ್ಟೆ. ಅವರು ಕೆಂಪು ಪೆನ್ನಿನಿಂದ ಕಾಗುಣಿತ ತಿದ್ದಿ, ಅದನ್ನು ಅಂಕಲ್‌ಗೆ ಕೊಟ್ಟು, "ಇದರಲ್ಲಿ ಬರೆದ ಹಾಗೆ ಮಾಡಿ. ಬರೆದಿರೋದಕ್ಕಿಂತ ಒಂದು ಚೂರೂ ಹೆಚ್ಚು ಮಾಡಬೇಡಿ," ಎಂದರು.

ಅಂಕಲ್ ಜೀವನವಿಡೀ ಕಾಗದ ನೋಡಿ ಕೆಲಸ ಮಾಡಿದವರು. ಅಡುಗೆಮನೆಗೆ ಹೋಗಿ ಪಾತ್ರೆಗೆ ಹಾಲು ಹಾಕಿದರು. ಪಾತ್ರೆಯನ್ನು ಒಲೆಯ ಮೇಲಿಟ್ಟರು. ಆಮೇಲೆ ಕೈ ಕಟ್ಟಿಕೊಂಡು ನಿಂತರು.

ನಾವು ಹೊರಗಿನ ಕೋಣೆಯಲ್ಲಿ ಕೂತು ಕಾದೆವು. ಕಾಫಿ ಬರಲಿಲ್ಲ. ನಾಲ್ಕೂವರೆಯಾಯಿತು. ನಾನು ಎದ್ದು ಹೋಗಿ ನೋಡಿದರೆ ಅಂಕಲ್ ಹಾಗೇ ನಿಂತಿದ್ದಾರೆ, ಹಾಲು ತಣ್ಣಗಿದೆ.

"ಏನು ಮಾಡ್ತಿದೀರ ಅಂಕಲ್?"

"ಹಾಲು ಉಕ್ಕುವವರೆಗೆ ಕಾಯಬೇಕು ಅಂತ ಬರೆದಿದೆ."

"ಗ್ಯಾಸ್ ಹಚ್ಚಿಲ್ವಲ್ಲಾ!"

ಅವರು ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿದರು. "ಬರೆದಿಲ್ಲವಲ್ಲಮ್ಮಾ," ಎಂದರು. ಇಸ್ಪೀಟಿನ ಸೇಡು ತೀರಿಸಿಕೊಳ್ಳುತ್ತಿದ್ದರೋ, ನಿಜವಾಗಿಯೂ ಕಾಗದಕ್ಕೆ ಕಟ್ಟುಬಿದ್ದಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಂಟಿ ಮಾತ್ರ ವಿಜಯದಿಂದ ನನ್ನ ಕಡೆ ನೋಡಿ, "ತಿದ್ದಿ ತಾ," ಎಂದರು. ನಾನು ಮೆಟ್ಟಿಲು ಹತ್ತಿ, ಗ್ಯಾಸ್ ಹಚ್ಚುವ ಸಾಲು ಸೇರಿಸಿ, ಓಡುತ್ತ ಬಂದೆ. ಐದಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಅವರು ಗುಂಡಿ ಒತ್ತಿದರು.

ಅದಾದ ಮೇಲೆ ವಾರವಾರವೂ ಅದೇ ಕಥೆ. ಗುಂಡಿ ಒತ್ತುವುದಕ್ಕೆ ಆಂಟಿಗೆ ಬರಹ ಸರಿಯಿದ್ದರೆ ಸಾಲದು, ಹೊತ್ತೂ ಸರಿಯಿರಬೇಕು. ಗೋಡೆಯ ಪಂಚಾಂಗ ನೋಡಿ, ರಾಹುಕಾಲ ಇಲ್ಲವೇ ವರ್ಜ್ಯ ಇದ್ದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ವರ್ಜ್ಯವೆಂದರೆ ಯಾವ ಕೆಲಸಕ್ಕೂ ಕೈ ಹಾಕಬಾರದ ಹೊತ್ತು, ಅದು ದಿನಾ ಬೇರೆಬೇರೆ ಸಮಯಕ್ಕೆ ಬರುತ್ತದೆ. ವೆಬ್‌ಸೈಟು ಮಧ್ಯಾಹ್ನ ಮಲಗುವ ಹೊತ್ತು, ಸಂಜೆ ಐದರ ಗಡುವು, ಆಂಟಿಯ ರಾಹುಕಾಲ, ವರ್ಜ್ಯ ಎಲ್ಲ ಕಳೆದು ಉಳಿಯುವ ಕಿಂಡಿಯಲ್ಲಿ ನಮ್ಮ ಅಸೈನ್‌ಮೆಂಟು ತೂರಬೇಕಿತ್ತು. ಕಾರ್ಖಾನೆಯಲ್ಲಿ ಔಷಧಿ ಪರೀಕ್ಷಿಸುತ್ತ ನಾನು ಮನಸ್ಸಿನಲ್ಲೇ ಆ ಕಿಂಡಿಯನ್ನು ಲೆಕ್ಕ ಹಾಕುತ್ತಿದ್ದೆ. ನನ್ನ ಕೋಣೆಯಲ್ಲೂ ಒಂದು ತೆಲುಗು ಪಂಚಾಂಗ ಬಂದಿತು. ಓದಲು ಬರದಿದ್ದರೂ ವರ್ಜ್ಯ ಎಂಬ ಪದದ ಆಕಾರ ಗುರುತಾಗಿತ್ತು.

ಗದಗಿನವನ ಕಷ್ಟ ಬೇರೆ. ಆಂಟಿ ಅವನಿಗೆ ಆಸ್ಪತ್ರೆಗೇ ಫೋನು ಮಾಡಿ ತಪ್ಪು ಹೇಳುತ್ತಿದ್ದರು. ಒಂದು ದಿನ ನನಗೆ ಫೋನು ಮಾಡಿ ಅಲವತ್ತುಕೊಂಡ.

"ಅಕ್ಕಾರ, ಅವರ ಫೋನ್ ಬಂದ್ರ ನಾ ಎದ್ದ ನಿಂದರ್ತೀನ್ರಿ. ಮಂದಿ ನೋಡಿ ನಗ್ತಾರ. ನಿನ್ನೆ 'ಪ್ಯಾರಾಗ್ರಾಫ್' ಅಂದ್ರೇನು ಹೇಳು ಅಂದ್ರು. ನನಗ ಬರ್ಲಿಲ್ಲ. ಹತ್ತ ಸಲ ಬರದು ಮೇಲ್ ಮಾಡು ಅಂದಾರ್ರಿ."

"ಬರೆದಾ?"

"ಬರದೇನ್ರಿ. ಏನ್ ಮಾಡ್ಲಿ?"

ಅವನಿಗೆ ಪಾಳಿ ಕೆಲಸ. ಒಂದು ವಾರ ಅವನ ಭಾಗ ಮುಗಿಯಲಿಲ್ಲ. ಗಡುವು ಮುಂದೂಡಿಸಲು ವೆಬ್‌ಸೈಟಿನಲ್ಲಿ ಒಂದು ಪುಟವಿತ್ತು. ಅದರಲ್ಲಿ ಕಾರಣ ಬರೆಯುವಂತಿಲ್ಲ, ಇರುವ ಕಾರಣಗಳಲ್ಲೇ ಒಂದನ್ನು ಆರಿಸಬೇಕು. ವಿವಾಹ, ಹೆರಿಗೆ, ಮರಣ. ಇಷ್ಟೇ. ಅವನು ವಿವಾಹ ಆರಿಸಿದ. ಗಡುವು ಸೋಮವಾರಕ್ಕೆ ಹೋಯಿತು. ಜೊತೆಗೆ ಹೂವಿನ ಚಿತ್ರವಿದ್ದ ಅಭಿನಂದನೆಯೂ ಬಂತು. ಮುಂದಿನ ವಾರ ನೋಡಿದರೆ ವಿವಾಹವೆಂಬ ಕಾರಣ ಪಟ್ಟಿಯಲ್ಲಿರಲಿಲ್ಲ. ಒಮ್ಮೆ ಬಳಸಿದ್ದು ಮತ್ತೆ ಸಿಗುವುದಿಲ್ಲ. ಹೆರಿಗೆ ಆರಿಸಿದ. ಅದಕ್ಕೂ ಅಭಿನಂದನೆ ಬಂತು. ಅದರ ಮುಂದಿನ ವಾರ ಮತ್ತೆ ಕಷ್ಟಕ್ಕೆ ಸಿಕ್ಕಿಕೊಂಡ. ಪಟ್ಟಿಯಲ್ಲಿ ಉಳಿದದ್ದು ಒಂದೇ.

ಅದನ್ನು ಆರಿಸಿದಾಗ ಯಾರ ಮರಣ ಎಂದು ಸಿಸ್ಟಮ್ ಕೇಳಲಿಲ್ಲ. ಯಾರೋ ದೂರದ ಅಜ್ಜ ಇರಲಿ ಎಂದುಕೊಂಡು ಅವನು ಗುಂಡಿ ಒತ್ತಿದ. ಮರುಕ್ಷಣ ಅವನ ಖಾತೆ ಮುಚ್ಚಿಹೋಯಿತು. ಒಂದು ಮೇಲ್ ಬಂತು. ಅದನ್ನು ಅವನು ಫೋನಿನಲ್ಲಿ ನನಗೆ ಓದಿ ಹೇಳಿದ. 'ಪ್ರಿಯ ವಿದ್ಯಾರ್ಥಿ, ನಿಮ್ಮ ನಿಧನಕ್ಕಾಗಿ ವಿಷಾದಿಸುತ್ತೇವೆ. ನಿಮ್ಮ ಬಾಕಿ ಅಸೈನ್‌ಮೆಂಟ್ ರದ್ದಾಗಿದೆ.'

"ಅಕ್ಕಾರ, ನಾ ಸತ್ತೇನಂತ್ರಿ," ಎಂದ.

ನನಗೆ ನಗು ಬಂತು. ನನ್ನ ಪುಟ ತೆರೆದಾಗ ನಿಂತುಹೋಯಿತು. ನಮ್ಮ ಗುಂಪು ಮತ್ತೆ ಇಬ್ಬರದಾಗಿತ್ತು, ಬರೆದದ್ದನ್ನು ಹಾಕುವ ಪುಟ ಮುಚ್ಚಿತ್ತು. ಅದು ಕೊನೆಯ ಅಸೈನ್‌ಮೆಂಟು. ಅದನ್ನು ಹಾಕದಿದ್ದರೆ ಮೂವರಿಗೂ ಪರೀಕ್ಷೆಯಿಲ್ಲ. ಕಾಲೇಜಿಗೆ ಫೋನು ಮಾಡಿದರೆ ಅದೇ ಹೆಂಗಸು, ಅದೇ ಮರ್ಯಾದೆ.

"ಅವರು ಬದುಕಿದಾರೆ ಅಂತ ಒಂದು ಸರ್ಟಿಫಿಕೇಟ್ ತರೋದಕ್ಕೆ ಹೇಳಿ ಮೇಡಂ. ಆಸ್ಪತ್ರೆಯಲ್ಲೇ ಇದಾರಲ್ಲ?"

ಅವನಿಗೆ ಹೇಳಿದೆ. "ನಮ್ಮ ವಿಭಾಗದಾಗ ಸತ್ತವ್ರಿಗಷ್ಟ ಸರ್ಟಿಫಿಕೇಟ್ ಐತ್ರಿ. ಬದಕಿದವ್ರಿಗೆ ಡಿಸ್ಚಾರ್ಜ್ ಚೀಟಿ ಕೊಡ್ತಾರ. ಅದಕ್ಕ ಮೊದಲು ಅಡ್ಮಿಟ್ ಆಗಬೇಕಲ್ರಿ," ಎಂದ.

ಅಡ್ಮಿಟ್ ಆಗುವ ಬಗ್ಗೆ ಅವನು ನಿಜವಾಗಿಯೂ ಯೋಚಿಸುತ್ತಿದ್ದಾನೆ ಎನಿಸಿ ನನಗೆ ಗಾಬರಿಯಾಯಿತು. ಕೆಳಗೆ ಹೋಗಿ ಆಂಟಿಗೆ ಹೇಳಿದೆ. ಅವರು ಎಲ್ಲ ಕೇಳಿ, "ನನ್ನ ಗುಂಪಿನ ಹುಡುಗನನ್ನ ನನ್ನ ಕೇಳದೆ ಯಾರು ಸಾಯಿಸಿದ್ದು?" ಎಂದು ಎದ್ದುನಿಂತರು. ಶನಿವಾರ ಬೆಳಗಿನ ರೈಲಿಗೆ ನಾವಿಬ್ಬರೂ ವಿಜಯವಾಡಕ್ಕೆ ಹೊರಟೆವು. ಆಂಟಿಯ ಚೀಲದಲ್ಲಿ ಪುಳಿಹೋರ ಅನ್ನದ ಡಬ್ಬಿ, ಪಂಚಾಂಗ, ಕೆಂಪು ಪೆನ್ನು ಇದ್ದವು.

ಪ್ರಯಾಣವಿಲ್ಲದ ಕಾಲೇಜಿಗೆ ಹೀಗೆ ಪ್ರಯಾಣ ಮಾಡಿ ಮಧ್ಯಾಹ್ನ ಇಳಿದಾಗ ಬಿಸಿಲು ಬೆಂಕಿಯಾಗಿತ್ತು. ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬ ಎತ್ತರದ, ಮೀಸೆಯ ಯುವಕ ನಮ್ಮನ್ನು ಹುಡುಕುತ್ತಿದ್ದ. ಸಣ್ಣ ಹುಡುಗನೆಂದು ನಾನು ಕಲ್ಪಿಸಿಕೊಂಡಿದ್ದ ಗದಗಿನವನು ಬಾಗಿಲಿಗೆ ತಲೆ ತಾಗುವಷ್ಟು ಉದ್ದವಿದ್ದ. ಬಂದವನೇ ಆಂಟಿಯ ಕಾಲಿಗೆ ಬಿದ್ದ. ಆಂಟಿ ಮೇಲಿನಿಂದ ಕೆಳಗಿನವರೆಗೆ ನೋಡಿ, "ಇಷ್ಟು ದೊಡ್ಡವನಾ ನೀನು? ನಿನ್ನ ಇಂಗ್ಲಿಷ್ ನೋಡಿ ಎಂಟನೇ ಕ್ಲಾಸು ಅಂದುಕೊಂಡಿದ್ದೆ," ಎಂದರು.

ಕಾಲೇಜು ಇದ್ದದ್ದು ಒನ್ ಟೌನ್ ಎಂಬ ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಯೊಂದರಲ್ಲಿ, ಸಗಟು ಸ್ಟೀಲ್ ಪಾತ್ರೆ ಅಂಗಡಿಯ ಮೇಲೆ. ಮೆಟ್ಟಿಲ ಅರ್ಧಭಾಗವನ್ನು ಪಾತ್ರೆಯ ಗಂಟುಗಳು ಹಿಡಿದಿದ್ದವು. ಮೇಲೆ ಒಂದೇ ಕೋಣೆ. ಅಲ್ಲಿ ಫೋನಿನ ಆ ಹೆಂಗಸು ಒಬ್ಬಳೇ ಕೂತಿದ್ದಳು. ಮೂವತ್ತರ ಒಳಗಿನ ವಯಸ್ಸು, ಮುಖದ ತುಂಬ ಬೆವರು. ವಾರವಾರ ನಮ್ಮ ಬರಹದ ಕೆಳಗೆ 'ಒಳ್ಳೆಯ ಪ್ರಯತ್ನ' ಎಂದು ಬರೆಯುತ್ತಿದ್ದ ಉಪನ್ಯಾಸಕರು ಎಲ್ಲಿ ಎಂದು ಕೇಳಿದೆ. "ನಾನೇ ಮೇಡಂ," ಎಂದಳು. ಪ್ರಾಂಶುಪಾಲರು ತಿಂಗಳಿಗೊಮ್ಮೆ ಬರುತ್ತಾರಂತೆ. ಉಳಿದಂತೆ ಕಾಲೇಜೆಂದರೆ ಅವಳೇ.

ವೆಬ್‌ಸೈಟು ಅವಳ ಮೇಜಿನ ಕೆಳಗಿತ್ತು. ಒಂದು ಹಳೆಯ ಕಂಪ್ಯೂಟರ್, ಪಕ್ಕದಲ್ಲಿ ನೀರಿನ ಕ್ಯಾನು. ಗೋಡೆಯಲ್ಲಿ ಕೆಲಸ ಮಾಡುತ್ತಿದ್ದ ಪ್ಲಗ್ಗು ಒಂದೇ ಒಂದು. ನಾವು ಹೋದಾಗ ಅದರಲ್ಲಿ ಟೇಬಲ್ ಫ್ಯಾನು ಇತ್ತು.

"ಮಧ್ಯಾಹ್ನ ತಡಿಯೋದಕ್ಕಾಗಲ್ಲ ಮೇಡಂ," ಎಂದು ಅವಳು ಸಂಕೋಚದಿಂದ ಹೇಳಿದಳು. "ಸ್ವಲ್ಪ ಹೊತ್ತು ಫ್ಯಾನ್ ಹಾಕ್ಕೊಳ್ತೀನಿ. ಐದಕ್ಕೆ ಮನೆಗೆ ಹೋಗೋವಾಗ ಪೂರ್ತಿ ಆಫ್ ಮಾಡ್ತೀನಿ. ಭಾನುವಾರ ರಜೆ."

ಗದಗಿನವನು ನನ್ನ ಕಡೆ ತಿರುಗಿ, ಮೆಲ್ಲಗೆ, "ನಾ ಹೇಳಿರಲಿಲ್ರೀ?" ಎಂದ.

ಅವಳು ಫ್ಯಾನು ಕಿತ್ತು ಕಾಲೇಜನ್ನು ಪ್ಲಗ್ಗಿಗೆ ಹಾಕಿದಳು. ಕೋಣೆ ಒಲೆಯಾಯಿತು. ಅವನ ಹೆಸರು ತೆರೆದರೆ ಮುಂದೆ 'ಮೃತ' ಎಂದಿತ್ತು. ಅವನು ಅವಳ ಎದುರೇ ನಿಂತಿದ್ದ.

"ನೀವು ಬದುಕಿರೋದು ನನಗೆ ಕಾಣಿಸ್ತಿದೆ ಸರ್," ಎಂದಳು. "ಆದರೆ ಸತ್ತವರನ್ನ ವಾಪಸ್ ಕರೆಯೋ ಆಯ್ಕೆ ಇದರಲ್ಲಿಲ್ಲ."

ಆಂಟಿ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. "ಇವನ ರಜೆಯ ಪುಟ ತೆಗಿ," ಎಂದರು. ಅವಳು ತೆಗೆದಳು. ಆಂಟಿ ಪರದೆಗೆ ಮೂಗು ತಾಗಿಸಿ ಓದತೊಡಗಿದರು.

"ಮೊದಲ ವಾರ ಮದುವೆ. ಎರಡನೇ ವಾರ ಹೆರಿಗೆ. ಮೂರನೇ ವಾರ ಮರಣ." ಅವನ ಕಡೆ ತಿರುಗಿದರು. "ಏಮಯ್ಯಾ, ಏನು ನಿನ್ನ ಅವಸರ? ಹೆಂಡತಿ ಮಗು ಎಲ್ಲಿ?"

"ಇಲ್ರಿ ಮೇಡಂ. ಇನ್ನೂ ಹೆಣ್ಣ ನೋಡಾಕತ್ತಾರ್ರಿ," ಎಂದು ಅವನು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿ, ಆಮೇಲೆ ತೆಲುಗಿನಲ್ಲಿ ಹೇಳಿದ. ಮೂಲೆಯಲ್ಲಿ ನಿಂತು ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಕಾಲೇಜಿನ ಹುಡುಗಿಯೂ ತಲೆ ತಗ್ಗಿಸಿ ಅಲುಗಾಡುತ್ತಿದ್ದಳು.

ಆಂಟಿ ಮಾತ್ರ ನಗಲಿಲ್ಲ. ಬೆರಳನ್ನು ಪರದೆಯ ಮೇಲಿಟ್ಟು, "ಇಲ್ಲಿ ನೋಡು. ಮದುವೆಗೆ ಇಂಥ ದಿನದಿಂದ ಇಂಥ ದಿನದವರೆಗೆ. ಹೆರಿಗೆಗೂ ಅಷ್ಟೆ. ಮರಣಕ್ಕೆ ಶುರುವಾದ ದಿನ ಇದೆ, ಮುಗಿಯೋ ದಿನ ತುಂಬಿಲ್ಲ," ಎಂದರು.

"ಮರಣಕ್ಕೆ ಮುಗಿಯೋ ದಿನ ಏನು ಹಾಕ್ಲಿ ಅಂತ ಬಿಟ್ಟೇನ್ರಿ," ಎಂದ ಅವನು.

"ಕೊನೆಯ ದಿನ ಬರೆಯದ ರಜಾ ಚೀಟಿಗೆ ನಾನು ಯಾವತ್ತೂ ಸಹಿ ಹಾಕಿಲ್ಲ. ಹಾಕಮ್ಮಾ ದಿನಾಂಕ. ಇವತ್ತಿಗೆ ಮುಗಿಸು."

ಹುಡುಗಿ ಅವತ್ತಿನ ದಿನಾಂಕ ಹಾಕಿದಳು. ಸಿಸ್ಟಮ್ ಒಪ್ಪಲಿಲ್ಲ, ಮುಂದಿನ ದಿನವೇ ಆಗಬೇಕೆಂದಿತು. ಭಾನುವಾರ ಹಾಕಿದಳು. ಒಪ್ಪಿತು. ಅವನ ಹೆಸರಿನ ಮುಂದಿದ್ದ 'ಮೃತ' ಎಂಬುದು ಹೋಗಿ, 'ರಜೆಯಲ್ಲಿದ್ದಾರೆ, ಕಾರಣ: ಮರಣ, ಸೋಮವಾರ ಹಾಜರು' ಎಂದು ಬಂತು. ಗುಂಪು ಮತ್ತೆ ಮೂವರದಾಯಿತು. ಬರೆದದ್ದನ್ನು ಹಾಕುವ ಪುಟ ತೆರೆದುಕೊಂಡಿತು.

ಅಂಥ ಸಂತೋಷ ನನಗೆ ನನ್ನ ಡಿಗ್ರಿ ಬಂದಾಗಲೂ ಆಗಿರಲಿಲ್ಲ. ಆದರೆ ಗಂಟೆ ನೋಡಿದರೆ ನಾಲ್ಕು ದಾಟಿತ್ತು. ಅವನ ಭಾಗ ಇನ್ನೂ ಅರ್ಧ ಬಾಕಿ. ಅವನು ಸೋಮವಾರದವರೆಗೆ ತನ್ನ ಖಾತೆಗೆ ಹೋಗುವಂತಿಲ್ಲ. ಹಾಗಾಗಿ ಅವನು ನಿಂತು ಹೇಳಿದ, ನಾನು ಟೈಪು ಮಾಡಿದೆ, ಆಂಟಿ ಪ್ರತಿ ವಾಕ್ಯಕ್ಕೂ ತಡೆದು ತಿದ್ದಿದರು. ಕೆಳಗಿನ ಅಂಗಡಿಯಲ್ಲಿ ಯಾರೋ ತಟ್ಟೆಗಳನ್ನು ಜೋಡಿಸುತ್ತಿದ್ದ ಸದ್ದಿನಲ್ಲಿ ಅವನು ಕೂಗಿ ಹೇಳಬೇಕಾಗಿತ್ತು. ಹುಡುಗಿ ಒಂದು ರಟ್ಟಿನಿಂದ ನಮಗೆಲ್ಲ ಗಾಳಿ ಹಾಕುತ್ತಿದ್ದಳು. ನಮ್ಮ ಉಪನ್ಯಾಸಕಿಯೇ ನಮಗೆ ಗಾಳಿ ಹಾಕುತ್ತಿದ್ದಾಳೆ ಎಂಬುದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಐದಕ್ಕೆ ಸ್ವಲ್ಪ ಮುಂಚೆ ಮುಗಿಯಿತು. ಆಂಟಿ ತಮ್ಮ ಪುಟ ತೆರೆದರು. ಹಸಿರು ಗುಂಡಿ ಬಂತು. ಕೈ ಮುಂದೆ ಹೋಗಿ ನಿಂತಿತು. ಚೀಲದಿಂದ ಪಂಚಾಂಗ ತೆಗೆದು ನೋಡಿದರು.

"ವರ್ಜ್ಯ ಇದೆ. ಐದೂವರೆಗೆ ಬಿಡುತ್ತೆ," ಎಂದರು.

"ಆಂಟಿ, ಐದಕ್ಕೆ ಮುಚ್ಚಿಹೋಗುತ್ತೆ!" ಎಂದೆ.

"ಐದಾದ ಮೇಲೆ ಸಿಸ್ಟಮ್ಮೇ ಬೀಗ ಹಾಕುತ್ತೆ ಮೇಡಂ ಗಾರು, ನನ್ನ ಕೈಲಿ ಏನೂ ಇಲ್ಲ," ಎಂದು ಹುಡುಗಿ ಕೈ ಮುಗಿದಳು.

"ನಾನು ಒತ್ತಲಾ?" ಎಂದೆ.

"ನಿನಗೂ ವರ್ಜ್ಯವೇ ಅಲ್ಲವೇ ಅಮ್ಮಾಯಿ? ಅದು ಎಲ್ಲರಿಗೂ ಒಂದೇ."

ನಾವು ನಾಲ್ವರೂ ಪರದೆಯನ್ನೇ ನೋಡುತ್ತ ನಿಂತೆವು. ನನಗೆ ಅಳು ಬರುವಂತಾಗಿತ್ತು. ಅಷ್ಟು ದೂರ ಬಂದು, ಬೆವರಿನಲ್ಲಿ ತೊಯ್ದು, ಒಂದು ಗುಂಡಿಯ ಮುಂದೆ ನಿಂತು ಸೋಲುವುದೇ? ಆಂಟಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಬಂದು, ಗದಗಿನವನ ಮುಖದಲ್ಲಿ ಕಣ್ಣು ನಿಲ್ಲಿಸಿದರು. ಕಷ್ಟದ ಲೆಕ್ಕ ಬಿಡಿಸುವಾಗ ಅವರ ಹುಬ್ಬು ಹೇಗೆ ಮೇಲೇರುತ್ತಿತ್ತೋ ಹಾಗೆ ಏರಿತು.

"ಬದುಕಿರೋವರಿಗೆ ತಾನೇ ವರ್ಜ್ಯ?" ಎಂದರು. "ನೀನು ಸೋಮವಾರದವರೆಗೆ ಇಲ್ಲ. ಬಾ, ಒತ್ತು."

ಅವನು ಒಮ್ಮೆ ನನ್ನನ್ನು ನೋಡಿದ. ಆಮೇಲೆ ಬೆರಳನ್ನು ಷರ್ಟಿಗೆ ಒರೆಸಿಕೊಂಡು, ದೇವರ ಮುಂದೆ ಆರತಿ ತೆಗೆದುಕೊಳ್ಳುವಷ್ಟು ಭಕ್ತಿಯಿಂದ ಗುಂಡಿ ಒತ್ತಿದ. ಅಸೈನ್‌ಮೆಂಟು ಹೋಯಿತು. ಮೇಜಿನ ಮೇಲಿನಿಂದ ಮೇಜಿನ ಕೆಳಕ್ಕೆ ಹೋಯಿತು ಅಷ್ಟೆ, ಆದರೂ ಹೋಯಿತು. ಹುಡುಗಿ ಅಲ್ಲೇ ಅದನ್ನು ತೆರೆದು, ನಮ್ಮೆದುರೇ 'ಒಳ್ಳೆಯ ಪ್ರಯತ್ನ' ಎಂದು ಬರೆದು, ಕಾಲೇಜನ್ನು ಆಫ್ ಮಾಡಿ ಫ್ಯಾನು ಹಾಕಿದಳು. ನಾವೆಲ್ಲ ಅದರ ಮುಂದೆ ಸಾಲಾಗಿ ಕೂತೆವು.

ರಾತ್ರಿ ಉಳಿಯುವುದಕ್ಕೆ ಪಟಮಟ ಬಡಾವಣೆಯಲ್ಲಿ ಆಂಟಿಯ ತಂಗಿಯ ಮನೆಯಿತ್ತು. ಬಸ್ಸಿನವರೆಗೆ ಬರುತ್ತೇನೆಂದ ಗದಗಿನವನನ್ನು ಆಂಟಿ ಮನೆಯವರೆಗೂ ಎಳೆದುಕೊಂಡು ಬಂದರು. ತಂಗಿ ಬಾಗಿಲು ತೆಗೆದು, ಈ ಉದ್ದನೆಯ ಹುಡುಗ ಯಾರೆಂದು ಕೇಳಿದರು.

"ನನ್ನ ಕ್ಲಾಸ್‌ಮೇಟು. ಸೋಮವಾರದವರೆಗೆ ಸತ್ತಿದಾನೆ. ಊಟ ಹಾಕು," ಎಂದರು ಆಂಟಿ ಚಪ್ಪಲಿ ಬಿಡುತ್ತ.

ತಂಗಿಗೆ ಅಕ್ಕನ ಪರಿಚಯ ಚೆನ್ನಾಗಿತ್ತೆಂದು ಕಾಣುತ್ತದೆ. ಮರುಪ್ರಶ್ನೆ ಕೇಳಲಿಲ್ಲ. ಆದರೆ ಅನ್ನ ಬಡಿಸುವಾಗ ಅವರ ಕೈ ಒಂದು ಕ್ಷಣ ಅವನ ಎಲೆಯ ಮೇಲೆ ತಡೆದದ್ದನ್ನು ನಾನು ನೋಡಿದೆ. ಗೋಂಗೂರ ಪಚ್ಚಡಿಯನ್ನು ಅವನು ಮೂರು ಸಲ ಹಾಕಿಸಿಕೊಂಡ ಮೇಲೆ ಅವರ ಅನುಮಾನ ಹೋಯಿತು. ಊಟದ ನಡುವೆ ಆಂಟಿ ಅವನ ಊರು, ಮನೆ, ಸಂಬಳದ ರಜೆ ಎಷ್ಟು, ಹೆಣ್ಣು ನೋಡುತ್ತಿರುವವರು ಯಾರು ಎಂದೆಲ್ಲ ವಿಚಾರಿಸಿದರು. ಒಂದು ಸಲವೂ ಇಂಗ್ಲಿಷ್ ತಪ್ಪು ಹಿಡಿಯಲಿಲ್ಲ. ಅವನು ಹೊರಡುವಾಗ ಉಳಿದ ಪುಳಿಹೋರವನ್ನು ಡಬ್ಬಿಯ ಸಮೇತ ಕೊಟ್ಟರು. ಅಷ್ಟು ದಿನ ಅವರ ಫೋನಿಗೆ ಹೆದರಿ ಎದ್ದು ನಿಲ್ಲುತ್ತಿದ್ದವನು ಗೇಟಿನ ಹತ್ತಿರ ನಿಂತು, "ಡಬ್ಬಿ ಕೊಡಾಕ ಬರ್ತೀನ್ರಿ," ಎಂದ. ಭಾಷೆ ತಿಳಿಯದಿದ್ದರೂ ಆಂಟಿ ತಲೆಯಾಡಿಸಿದರು.

ಸೋಮವಾರ ಬೆಳಿಗ್ಗೆ ಕಾರ್ಖಾನೆಯಲ್ಲಿದ್ದಾಗ ಅವನ ಫೋನು ಬಂತು.

"ಎದ್ದೇನ್ರಿ ಅಕ್ಕಾರ," ಎಂದ. "ಹಾಜರಿ ತೋರಸಾಕತ್ತೈತಿ."

ಪರೀಕ್ಷೆ ನಡೆಯಿತು. ಅದೂ ಆನ್‌ಲೈನೇ, ಆದರೆ ಎಲ್ಲರೂ ಕಾಲೇಜಿಗೇ ಬಂದು ಬರೆಯಬೇಕಿತ್ತು. ಕಂಪ್ಯೂಟರ್ ಒಂದೇ ಇದ್ದುದರಿಂದ ಒಬ್ಬರಾದ ಮೇಲೆ ಒಬ್ಬರು ಬರೆದೆವು. ಒಬ್ಬರು ಬರೆಯುವಾಗ ಉಳಿದಿಬ್ಬರು ಕೆಳಗೆ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆವು. ಅಂಗಡಿಯ ಯಜಮಾನರು ಮಜ್ಜಿಗೆ ತರಿಸಿ ಕೊಟ್ಟರು. ಆಂಟಿಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ನನಗೆ ಎರಡನೇ ಸ್ಥಾನ, ಗದಗಿನವನಿಗೆ ಮೂರನೆಯದು. ಮೂವರೇ ಇದ್ದುದರಿಂದ ಮೂವರಿಗೂ ಸ್ಥಾನ ಸಿಕ್ಕಿತು. ನಮ್ಮ ಮ್ಯಾನೇಜರು ನನ್ನ ಡಿಪ್ಲೊಮಾಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು. ಮುಂದಿನ ತಪಾಸಣೆಗೆ ಬೇರೆ ಯಾರೋ ಬಂದರು. ಅವರು ಕೈ ತೊಳೆಯುವ ಜಾಗ ಮಾತ್ರ ನೋಡಿ ಹೋದರು.

ಕೆಲವು ವರ್ಷಗಳ ನಂತರ ನಾನು ಹೈದರಾಬಾದಿನ ಕಂಪನಿಯೊಂದಕ್ಕೆ ಸೇರಿದಾಗ, ಡಿಪ್ಲೊಮಾ ನಿಜವಾದದ್ದೇ ಎಂದು ಕಾಲೇಜಿನಿಂದ ಒಂದು ಪತ್ರ ಬೇಕೆಂದರು. ಕಾಲೇಜಿನ ನಂಬರಿಗೆ ಫೋನು ಮಾಡಿದೆ. ಒಬ್ಬ ಗಂಡಸು ಎತ್ತಿಕೊಂಡು, "ಸಗಟಾ, ಚಿಲ್ಲರೆಯಾ ಅಮ್ಮಾ?" ಎಂದರು.

ಕಾಲೇಜು ಮುಚ್ಚಿಹೋಗಿತ್ತು. ಫೋನು ಕೆಳಗಿನ ಪಾತ್ರೆ ಅಂಗಡಿಗೆ ಬಂದಿತ್ತು. ನಾನು ವಿಷಯ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಪರೀಕ್ಷೆಗೆ ಬಂದಿದ್ರಲ್ಲ, ಒಬ್ಬ ದೊಡ್ಡಮ್ಮ, ಒಬ್ಬ ಉದ್ದನೆಯವರು, ನೀವು? ಮಜ್ಜಿಗೆ ಕುಡಿದಿದ್ರಿ," ಎಂದರು.

"ಹೌದು, ನಾವೇ."

"ಹಾಗಾದರೆ ನಾನೇ ಬರೆದುಕೊಡ್ತೀನಮ್ಮಾ. ನಾನು ಕಣ್ಣಾರೆ ನೋಡಿದೀನಲ್ಲ."

ವಾರದೊಳಗೆ ಕೊರಿಯರ್ ಬಂತು. ಸ್ಟೀಲ್ ಪಾತ್ರೆ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ, ನಾನು ತಮ್ಮ ಮೆಟ್ಟಿಲು ಹತ್ತಿ ಪರೀಕ್ಷೆ ಬರೆದು ಇಳಿದದ್ದು ನಿಜವೆಂದು ಅವರು ಬರೆದು, ಸಹಿ ಮಾಡಿ, ಅಂಗಡಿಯ ಮೊಹರನ್ನು ಎರಡು ಕಡೆ ಒತ್ತಿದ್ದರು. ನಾಚಿಕೆಯಿಂದಲೇ ಅದನ್ನು ಹೊಸ ಆಫೀಸಿಗೆ ತೆಗೆದುಕೊಂಡು ಹೋದೆ. ಅಲ್ಲಿನ ಗುಮಾಸ್ತ ಒಮ್ಮೆ ಮೊಹರನ್ನು ನೋಡಿ, ಕಾಗದಕ್ಕೆ ತೂತು ಹೊಡೆದು, ನನ್ನ ಫೈಲಿಗೆ ಸೇರಿಸಿದ.